ಇಡೀ ಹೊತ್ತು ಬಾಲ್ ಅವರ ಕಾಲಲ್ಲೇ ಇದ್ದರೆ ನಾವು ಗೆಲ್ಲುವುದು ಹೇಗೆ?

ಮೂಡಿಗೆರೆ ಸ್ಟಾಪರ್ (ಸೋಮವಾರ, ರಾತ್ರಿ)

ಬರುವ ಭಾನುವಾರ ಚಿಕ್ಕಮಗಳೂರಿನಲ್ಲಿ ನಮಗೆ ಫುಟ್‌ಬಾಲ್ ಕ್ವಾರ್ಟರ್ ಫೈನಲ್. ಎದುರಿಗೆ ಮತ್ತೆ ಅದೇ ಹಾಸನದ ಹುಡುಗರು. ಹೋದ ವರ್ಷ ಇವರ ಕೈಲಿ 4-0 ತಿಂದು ಮನೆಗೆ ಹೋಗಿದ್ದೆವು. ಅವರ ಆಟ ನೋಡದವರಿಗೆ ಹೇಳುತ್ತೇನೆ. ಅವರು ಬಾಲ್ ಕೊಡುವುದೇ ಇಲ್ಲ. ಗೋಲ್ ಕಾಯುವ ಗೋಲಿಯಿಂದ ಶುರುವಾಗಿ ಎಲ್ಲ ಪಾಸೂ ನೆಲದ ಮೇಲೇ. ನಾವು ಹಿಂದೆ ಮುಂದೆ ಓಡಿ ನಾಲಿಗೆ ಹೊರಗೆ ಹಾಕಿದ ಮೇಲೆ ನಿಧಾನಕ್ಕೆ ಬಂದು ಗೋಲು ಹೊಡೆಯುತ್ತಾರೆ.

ಆ ಮೂರನೇ ಗೋಲು ಇನ್ನೂ ಕಣ್ಣ ಮುಂದಿದೆ. ನಾನು ನಮ್ಮ ಗೋಲಿನ ಮುಂದಿನ ಬಾಕ್ಸ್ ಒಳಗೆ ಸರಿಯಾದ ಜಾಗದಲ್ಲೇ ನಿಂತಿದ್ದೆ. ಬಾಲ್ ಎಡಕ್ಕೆ ಹೋಯಿತು, ಕತ್ತು ತಿರುಗಿಸಿದೆ. ಬಲಕ್ಕೆ ಬಂತು, ತಿರುಗಿಸಿದೆ. ಮತ್ತೆ ಎಡಕ್ಕೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಇದ್ದ ಅವರ ಒಂಬತ್ತು ನಂಬರ್ ನನ್ನ ಮುಂದೆ ಇದ್ದ. ಅವನು ಓಡಿದ್ದು ಕಾಣಲೇ ಇಲ್ಲ. ಕೆಸರಲ್ಲಿ ಬೂಟು ಕಿತ್ತ ಸದ್ದು ಮಾತ್ರ ಕೇಳಿಸಿತು.

ಈ ಸಲ ಹತ್ತೂ ಜನ ಹಿಂದೆ ನಿಂತು, ಬಾಲ್ ಸಿಕ್ಕ ತಕ್ಷಣ ಮುಂದಕ್ಕೆ ಓಡಿ ಕೌಂಟರ್ ಹೊಡೆಯೋಣ ಅಂತ ನನ್ನ ಯೋಚನೆ. ಟೀಮಿನಲ್ಲಿ ಅರ್ಧ ಜನ ಇದು ಹೇಡಿ ಆಟ ಅನ್ನುತ್ತಿದ್ದಾರೆ. ನಮ್ಮಲ್ಲಿ ಇರುವುದು ಇಷ್ಟು: ಹಿಂದೆ ನಡುವೆ ನಿಂತು ತಡೆಯುವ ಎತ್ತರದ ಇಬ್ಬರು ಸ್ಟಾಪರ್, ಪರವಾಗಿಲ್ಲ ಅನ್ನಬಹುದಾದ ಗೋಲಿ, ಜಾಸ್ತಿ ಮಾತಾಡದ ಆರು ನಂಬರ್, ಮತ್ತೆ ಗಾಳಿ ಹಾಗೆ ಓಡುವ ಹನ್ನೊಂದು ನಂಬರ್. ಅವನ ಎಡಗಾಲು ಚಿನ್ನ. ತಲೆ ಅಷ್ಟಕ್ಕಷ್ಟೆ.

ತೋಟದ ಲೆಫ್ಟ್ ವಿಂಗ್

ಅಣ್ಣ, ನಾನೂ ಇಲ್ಲೇ ಇದ್ದೇನೆ. ತಲೆ ಬಗ್ಗೆ ಬರೆದಿದ್ದನ್ನು ಓದಿದೆ. ನಾಳೆ ಪ್ರಾಕ್ಟೀಸಿಗೆ ಬನ್ನಿ, ಮಾತಾಡೋಣ.

ಬಾಲ್ ಬಾಯ್

ಒಟ್ಟಿನಲ್ಲಿ ಗೋಲಿನ ಮುಂದೆ ಅಡ್ಡಕ್ಕೆ ಬಸ್ ನಿಲ್ಲಿಸುತ್ತೀರಿ. ಯಾವ ಬಸ್, ಕೆಂಪು ಬಸ್ಸಾ ಪ್ರೈವೇಟಾ?

ಕೊಪ್ಪದ ಹತ್ತು ನಂಬರ್

ನನ್ನ ಪ್ರಕಾರ ಇದು ಆಟವೇ ಅಲ್ಲ. ಮಳೆಯಲ್ಲಿ ಕೊಡೆ ಹಿಡಿದುಕೊಂಡು ನೋಡಲು ಬಂದ ಜನಕ್ಕೆ ಹತ್ತು ಜನ ಗೋಲಿನ ಮುಂದೆ ಗೋಡೆ ಹಾಗೆ ನಿಂತಿದ್ದನ್ನು ತೋರಿಸುತ್ತೀರಾ? 4-0 ಸೋತರೂ ಆಡಿ ಸೋಲಿ.

ಮೂಡಿಗೆರೆ ಸ್ಟಾಪರ್

4-0 ಸೋತು ಜೀಪಿನಲ್ಲಿ ಊರಿಗೆ ವಾಪಸ್ ಬಂದಿದ್ದು ನಾವು, ನೀವಲ್ಲ.

ಗೋಲಿ ಮಾವ (ಸಕಲೇಶಪುರ)

ಹೇಡಿ ಆಟ ಅನ್ನುವವರನ್ನು ಒಂದು ದಿನ ನನ್ನ ಹತ್ತಿರ ಕಳಿಸಿ. ನಾನು ಗೋಲ್ ಪೋಸ್ಟ್ ಮಧ್ಯೆ ನಿಂತೇ ಅರ್ಧ ಆಯಸ್ಸು ಕಳೆದವನು. ಎದುರು ಟೀಮ್ ಇಪ್ಪತ್ತು ನಿಮಿಷ ಬಾಲ್ ಕೊಡದೇ ಇದ್ದಾಗಲೂ ಗೆರೆ ಬಿಟ್ಟು ಅಲ್ಲಾಡದೆ ನಿಲ್ಲಲು ಎಷ್ಟು ಧೈರ್ಯ ಬೇಕು ಅಂತ ಆಡಿದವರಿಗೇ ಗೊತ್ತು. ಬಾಲ್ ಹಿಂದೆ ಓಡಿಹೋಗುವುದು ಸುಲಭ.

ನಮ್ಮ ಕಡೆ ಆನೆ ಕಾಟ ನಿಮಗೆ ಗೊತ್ತೇ ಇದೆ. ಸೋಲಾರ್ ಬೇಲಿ ಹಾಕಿದ ತೋಟದ ಹತ್ತಿರ ಆನೆ ಬಂದರೆ ಏನು ಮಾಡುತ್ತದೆ? ಬೇಲಿ ಪಕ್ಕಕ್ಕೇ ನಡೆಯುತ್ತಾ ಹೋಗುತ್ತದೆ. ತಂತಿ ಎಲ್ಲಿ ಸಡಿಲ, ಹಳ್ಳದ ಹತ್ತಿರ ಬೇಲಿ ಎಲ್ಲಿ ಮುಗಿದಿದೆ, ಅಲ್ಲಿ ಒಳಗೆ. ಪಾಸಿಂಗ್ ಟೀಮ್ ಎಡಕ್ಕೆ ಬಲಕ್ಕೆ ಆಡುವುದೂ ಇದಕ್ಕೇ. ಸಡಿಲ ತಂತಿ ಹುಡುಕುತ್ತಿರುತ್ತಾರೆ. ಹೋದ ವರ್ಷ ಅದು ನಿನ್ನ ಕತ್ತಿನಲ್ಲಿ ಸಿಕ್ಕಿತು ಹುಡುಗಾ.

ಮಾಡಬೇಕಾದ್ದು ಹೇಳುತ್ತೇನೆ. ಈಗ ಕಾಫಿ ಕಣ ಖಾಲಿ ಬಿದ್ದಿರುತ್ತದೆ. ನಾಲ್ಕು ಜನ ಬ್ಯಾಕ್‌ಗಳ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿ. ಒಬ್ಬನಿಗೂ ಇನ್ನೊಬ್ಬನಿಗೂ ಎಂಟು ಹೆಜ್ಜೆ. ಒಬ್ಬ ಬಾಲ್ ತೆಗೆದುಕೊಂಡು ಕಣದ ಈ ತುದಿಯಿಂದ ಆ ತುದಿಗೆ ಓಡಾಡಲಿ. ಹಗ್ಗ ನೆಲಕ್ಕೆ ತಾಗಬಾರದು, ಬಿಗಿದು ಯಾರನ್ನೂ ಎಳೆಯಲೂ ಬಾರದು. ಅರ್ಧ ಗಂಟೆ ಆದ ಮೇಲೆ ಬಾಲ್ ನೋಡುವುದನ್ನು ಬಿಟ್ಟು ಪಕ್ಕದವನನ್ನು ನೋಡಲು ಶುರು ಮಾಡುತ್ತೀರಿ. ಅಲ್ಲಿಗೆ ಅರ್ಧ ಕೆಲಸ ಆಯಿತು.

ಇನ್ನರ್ಧ ಕಷ್ಟ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಕರೆಂಟ್ ಹೋಗುವ ಹಾಗಿದೆ.

ನೀಲಿ ಚಿಕ್ಕಮಗಳೂರು

ಬೆಂಗಳೂರು ಎಫ್‌ಸಿ ಅಭಿಮಾನಿಯಾಗಿ ಒಂದು ಮಾತು. 2019ರ ಮಾರ್ಚ್ 17, ಮುಂಬೈನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಎದುರಿಗೆ ಕೋಚ್ ಲೊಬೆರಾ ಅವರ ಗೋವಾ. ದೇಶದಲ್ಲಿ ಆಗ ಅವರ ಹಾಗೆ ಪಾಸ್ ಆಡುವ ಟೀಮ್ ಇನ್ನೊಂದು ಇರಲಿಲ್ಲ. ಅವರ ಸ್ಟ್ರೈಕರ್ ಕೊರೊ ಒಬ್ಬನೇ ಆ ಸೀಸನ್‌ನಲ್ಲಿ 16 ಗೋಲು. ಫೈನಲ್‌ನಲ್ಲಿ ಅವನಿಗೆ ಒಂದೂ ಸಿಗಲಿಲ್ಲ. ಕೋಚ್ ಕುವಾದ್ರಾತ್ ಅವರ ಬೆಂಗಳೂರು ತಾಳ್ಮೆಯಿಂದ ಕಾಯಿತು. ಆಟ ಎಕ್ಸ್‌ಟ್ರಾ ಟೈಮಿಗೆ ಹೋಯಿತು, ಗೋವಾದ ಜಾಹೂಗೆ ಕೆಂಪು ಕಾರ್ಡ್ ಬಿತ್ತು. ಕೊನೆಗೆ ದಿಮಾಸ್ ಹೊಡೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. 1-0. ನಾವು ಎಂಟು ಜನ ಒಂದು ರೂಮಿನಲ್ಲಿ ನೋಡುತ್ತಿದ್ದೆವು, ಕುಣಿದು ಮಂಚದ ಕಾಲು ಮುರಿಯಿತು.

ನಿಮ್ಮಲ್ಲಿ ಎತ್ತರದ ಸ್ಟಾಪರ್‌ಗಳು ಇದ್ದಾರಲ್ಲ, ಕಾರ್ನರ್ ಪ್ರಾಕ್ಟೀಸ್ ಮಾಡಿ. ಕೌಂಟರ್ ಹೋದಾಗ ಗೋಲೇ ಬರಬೇಕಿಲ್ಲ. ಒಂದು ಕಾರ್ನರ್ ಸಿಕ್ಕರೂ ಲಾಭ.

ಕೊಪ್ಪದ ಹತ್ತು ನಂಬರ್

ಬೆಂಗಳೂರು ಹೆಸರು ಬಂದ ತಕ್ಷಣ ಎಲ್ಲ ಸರಿ ಆಗಿಬಿಡುತ್ತದೆ ಅಲ್ವಾ.

ಬೇಲೂರು ಮೇಷ್ಟ್ರು

ಹಿಂದೆ ನಿಂತರೆ ಸಾಕು ಅನ್ನುವವರು 2022ರ ವಿಶ್ವಕಪ್‌ನಲ್ಲಿ ಸ್ಪೇನ್ ಇದ್ದ ಗುಂಪನ್ನು ನೋಡಬೇಕು. ಒಂದೇ ಸ್ಪೇನ್, ಎದುರಾಳಿ ಇಬ್ಬರು. ಕೋಸ್ಟರಿಕಾ ಹಿಂದೆ ನಿಂತಿತು, 7-0 ತಿಂದಿತು. ಇಡೀ ಪಂದ್ಯದಲ್ಲಿ ಅವರು ಗೋಲಿನ ಕಡೆ ಒಂದು ಶಾಟ್ ಕೂಡ ಹೊಡೆಯಲಿಲ್ಲ. ಎಂಟು ದಿನ ಬಿಟ್ಟು ಜಪಾನ್ ಬಂತು. ಅವರ ಹತ್ತಿರ ಬಾಲ್ ಇದ್ದದ್ದು 17.7 ಶೇಕಡ ಹೊತ್ತು ಮಾತ್ರ. ಅಷ್ಟು ಕಡಿಮೆ ಬಾಲ್ ಇಟ್ಟುಕೊಂಡು ವಿಶ್ವಕಪ್ ಪಂದ್ಯ ಗೆದ್ದ ದಾಖಲೆ ಅದೇ. ಫಲಿತಾಂಶ 2-1.

ಹಾಗಾದರೆ ವ್ಯತ್ಯಾಸ ಏನು? ಜಪಾನ್ ಎಲ್ಲಾ ಹೊತ್ತೂ ಹಿಂದೆ ನಿಲ್ಲಲಿಲ್ಲ. ಹಾಫ್ ಟೈಮ್ ಹೊತ್ತಿಗೆ ಮೊರಾಟಾ ಗೋಲಿನಿಂದ 1-0 ಹಿಂದೆ ಇದ್ದರು. ಡೋವಾನ್, ಮಿಟೋಮಾ ಇಬ್ಬರನ್ನೂ ಮೈದಾನಕ್ಕೆ ಇಳಿಸಿದರು. ಸೆಕೆಂಡ್ ಹಾಫ್ ಶುರುವಾದ ತಕ್ಷಣ ಸ್ಪೇನ್ ಗೋಲಿಯ ಹತ್ತಿರವೇ ನುಗ್ಗಿ ಒತ್ತಿದರು. ಗಾಬರಿಯಲ್ಲಿ ಸ್ಪೇನ್ ಬಾಲ್ ಬಿಟ್ಟಿತು, ಡೋವಾನ್ ಹೊಡೆದ. 48ನೇ ನಿಮಿಷ. 51ಕ್ಕೆ ತನಾಕಾ ಇನ್ನೊಂದು. ಆಮೇಲೆ ಬಾಗಿಲು ಹಾಕಿಕೊಂಡರು. ಅಂದರೆ ಇಡೀ ಪಂದ್ಯದಲ್ಲಿ ಅವರು ಹುಲಿ ಆದದ್ದು ಐದಾರು ನಿಮಿಷ. ಆ ನಿಮಿಷ ಯಾವುದು ಅಂತ ಹನ್ನೊಂದೂ ಜನಕ್ಕೆ ಗೊತ್ತಿತ್ತು.

ತಮಾಷೆ ಇನ್ನೊಂದಿದೆ. ಮಧ್ಯದಲ್ಲಿ ಇದೇ ಜಪಾನ್ ಇದೇ ಕೋಸ್ಟರಿಕಾ ಎದುರು ಬಾಲ್ ತಾನೇ ಹಿಡಿದು ಆಡಿ 1-0 ಸೋತಿತ್ತು.

ಬಾಲ್ ಬಾಯ್

ಮೇಷ್ಟ್ರೇ, ಇಂಟರ್ ಬಾರ್ಸಿಲೋನಾ ಮ್ಯಾಚ್ ಬಗ್ಗೆ ಹೇಳಿ. ನಮ್ಮ ಅಣ್ಣ ಯಾವಾಗಲೂ ಅದನ್ನೇ ಹೇಳುತ್ತಿರುತ್ತಾನೆ. ಆಗ ನಾನು ಹುಟ್ಟಿರಲಿಲ್ಲ.

ಬೇಲೂರು ಮೇಷ್ಟ್ರು

ಹುಟ್ಟಿರಲಿಲ್ಲ ಅಂತ ಹೇಳಿ ನನ್ನ ವಯಸ್ಸು ನೆನಪಿಸಿದೆ. ಇರಲಿ.

ಎಲ್ಲರೂ ಹೇಳುವುದು 2010ರ ಏಪ್ರಿಲ್ 28ರ ಪಂದ್ಯ. ಯುರೋಪಿನ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಬಾರ್ಸಿಲೋನಾ ಅಂಗಳ. ಇಂಟರ್‌ನ ತಿಯಾಗೊ ಮೊಟ್ಟಾ ಅರ್ಧ ಗಂಟೆಯೊಳಗೇ ಕೆಂಪು ಕಾರ್ಡ್ ತಿಂದು ಹೊರಗೆ. ಕೋಚ್ ಮೊರಿನ್ಯೊ ಅವರ ಇಂಟರ್ ಹತ್ತೇ ಜನ. ಗೋಲು ಹೊಡೆಯುವ ಕೆಲಸದ ಎಟೊ ಅವತ್ತು ಬ್ಯಾಕ್ ಹಾಗೆ ಗೆರೆ ಕಾದ. 84ನೇ ನಿಮಿಷಕ್ಕೆ ಪಿಕೆ ಹೊಡೆದ ಒಂದು ಗೋಲು ಬಿಟ್ಟರೆ ಬಾರ್ಸಿಲೋನಾಗೆ ಇನ್ನೇನೂ ಸಿಗಲಿಲ್ಲ. ಎರಡೂ ಪಂದ್ಯ ಸೇರಿ 3-2, ಇಂಟರ್ ಫೈನಲ್‌ಗೆ.

ಆದರೆ ಆ ಮೂರು ಗೋಲು ಬಂದದ್ದು ಎಂಟು ದಿನ ಮುಂಚೆ, ಮಿಲಾನಿನಲ್ಲಿ. ಪೆಡ್ರೊ ಬಾರ್ಸಿಲೋನಾಗೆ ಮೊದಲ ಗೋಲು ಹೊಡೆದ. ಆಮೇಲೆ ಸ್ನೈಡರ್, ಮೈಕಾನ್, ಮಿಲಿಟೊ ಸಾಲಾಗಿ ಹೊಡೆದರು. ಅವತ್ತು ಇಂಟರ್ ಸುಮ್ನೆ ಕಾಯಲಿಲ್ಲ. ಬಾಲ್ ಕಿತ್ತ ತಕ್ಷಣ ಮುಂದಕ್ಕೆ, ಮೂರು ನಾಲ್ಕು ಜನ ಒಟ್ಟಿಗೆ ಓಟ. ಎರಡನೇ ಪಂದ್ಯದ ಗೋಡೆ ನಿಂತದ್ದು ಮೊದಲ ಪಂದ್ಯದ ಮೂರು ಗೋಲಿನ ಪಾಯದ ಮೇಲೆ. ಜನಕ್ಕೆ ಗೋಡೆ ಮಾತ್ರ ನೆನಪಿದೆ.

ಅಂದ ಹಾಗೆ, ಬಸ್ ನಿಲ್ಲಿಸುವ ಮಾತು ಊರಿಗೆಲ್ಲ ಹಬ್ಬಿಸಿದವರೂ ಮೊರಿನ್ಯೊ ಅವರೇ. 2004ರಲ್ಲಿ ಆಗಿನ ತಮ್ಮ ಟೀಮ್ ಚೆಲ್ಸಿ ಎದುರು ಗೋಲು ಬಿಡದ ಟಾಟನ್‌ಹ್ಯಾಮ್ ಅನ್ನು ಹಾಗೆ ಬೈದಿದ್ದರು. 2010ರಲ್ಲಿ ನಿಜವಾದ ಬಸ್ಸು ಬಾರ್ಸಿಲೋನಾದ್ದು. ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿಯಿಂದ ವಿಮಾನ ನಿಂತು, ಆ ಟೀಮ್ ಮಿಲಾನಿಗೆ ರಸ್ತೆ ಮೇಲೆ ಬಸ್ಸಿನಲ್ಲೇ ಹೋಗಿತ್ತು.

ಗೋಲಿ ಮಾವ (ಸಕಲೇಶಪುರ)

ಕರೆಂಟ್ ಬಂತು. ಮೇಷ್ಟ್ರು ಹೇಳಿದ್ದೇ ನನ್ನ ಇನ್ನರ್ಧ.

ಬಾಲ್ ಕಿತ್ತ ಮೇಲೆ ಮೊದಲ ಪಾಸ್ ಯಾರಿಗೆ? ಇದಕ್ಕೆ ಉತ್ತರ ಇಲ್ಲದೆ ಹಿಂದೆ ನಿಂತರೆ ನೀವು ಕೋಸ್ಟರಿಕಾ. ಹೆದರಿದ ಬ್ಯಾಕ್ ಏನು ಮಾಡುತ್ತಾನೆ? ಕಣ್ಣು ಮುಚ್ಚಿ ಉದ್ದಕ್ಕೆ ಒದೆಯುತ್ತಾನೆ. ಬಾಲ್ ಮೇಲೆ ಹೋಗುತ್ತದೆ, ಜನ ಹೋ ಅನ್ನುತ್ತಾರೆ, ಹತ್ತು ಸೆಕೆಂಡಿಗೆ ಅದೇ ಬಾಲ್ ವಾಪಸ್ ಬರುತ್ತದೆ. ಉಸಿರು ತೆಗೆದುಕೊಳ್ಳಲೂ ಹೊತ್ತಿಲ್ಲ. ಹೀಗೆ ಇಪ್ಪತ್ತು ಸಲ ಆದರೆ ಇಪ್ಪತ್ತೊಂದನೆಯದು ಗೋಲು.

ಅದಕ್ಕೆ ಎರಡು ಮಾತು. ನಿಮ್ಮ ಹನ್ನೊಂದು ನಂಬರ್ ಯಾವ ಕಾರಣಕ್ಕೂ ನಿಮ್ಮ ಬಾಕ್ಸ್ ಒಳಗೆ ಬರಬಾರದು. ಮನೆಗೆ ಬೆಂಕಿ ಬಿದ್ದರೂ ಅವನು ನಡುಗೆರೆ ಹತ್ತಿರವೇ ನಿಲ್ಲಬೇಕು. ಅವನು ಅಲ್ಲಿದ್ದರೆ ಅವರ ಇಬ್ಬರು ಬ್ಯಾಕ್ ಹಿಂದೆ ಉಳಿಯುತ್ತಾರೆ. ಒಬ್ಬನಿಂದ ಇಬ್ಬರನ್ನು ಕಟ್ಟಿಹಾಕಿದ ಹಾಗೆ. ಎರಡನೆಯದು, ಗೋಲಿ ಬಾಲ್ ಹಿಡಿದ ತಕ್ಷಣ ಒದೆಯಬಾರದು, ಕೈಯಲ್ಲಿ ಎಸೆಯಬೇಕು. ಆರು ನಂಬರ್ ಕಾಲಿಗೇ ಬೀಳುವ ಹಾಗೆ. ಒದ್ದ ಬಾಲ್ ಕೆಳಗೆ ಬರುವ ಹೊತ್ತಿಗೆ ಎದುರಿನವರು ವಾಪಸ್ ಓಡಿ ಬಂದಿರುತ್ತಾರೆ.

ತೋಟದ ಲೆಫ್ಟ್ ವಿಂಗ್

ಮಾವ, ಅಲ್ಲಿ ಎಲ್ಲರೂ ಒದ್ದಾಡುತ್ತಿರುವಾಗ ನಾನೊಬ್ಬ ಸುಮ್ನೆ ನಿಂತಿದ್ದರೆ ಊರಿನವರು ಬೈಯುವುದಿಲ್ವಾ?

ಗೋಲಿ ಮಾವ (ಸಕಲೇಶಪುರ)

ಬೈಯುತ್ತಾರೆ. ಬೈಸಿಕೋ.

ಅರಸೀಕೆರೆ ಕ್ಯಾಚರ್

ನಾನು ಫುಟ್‌ಬಾಲ್ ಅಷ್ಟಾಗಿ ಆಡಿದವನಲ್ಲ, ಕಬಡ್ಡಿ. ನೀವು ಹೇಳುತ್ತಿರುವುದು ನಮ್ಮಲ್ಲಿ ದಿನಾ ನಡೆಯುತ್ತದೆ. ರೈಡರ್ ಬಂದ ಕೂಡಲೇ ಮೈಮೇಲೆ ಬಿದ್ದರೆ ಅವನು ಮುಟ್ಟಿ ಓಡುತ್ತಾನೆ. ಕೈ ಕೈ ಹಿಡಿದ ಚೈನ್ ಬಿಡದೆ ಹಿಂದೆ ಸರಿದು, ಬೋನಸ್ ಆಸೆ ತೋರಿಸಿ ಮೂಲೆಗೆ ಕರೆಯಬೇಕು. ಅವನು ಕಾಲು ಜಾಸ್ತಿ ಚಾಚಿದ ಕ್ಷಣ ಹಿಡಿಯಬೇಕು. ಮುಂಚೆ ಅಲ್ಲ, ಆಮೇಲೂ ಅಲ್ಲ. ಫುಟ್‌ಬಾಲಿನಲ್ಲಿ ಆ ಚಾಚಿದ ಕಾಲು ಯಾವುದು?

ಬೇಲೂರು ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಾನು ಕಂಡ ಹಾಗೆ ಮೂರು ಹೊತ್ತು. ಅವರ ಆಟಗಾರ ನಮ್ಮ ಗೋಲಿಗೆ ಬೆನ್ನು ಮಾಡಿ ಬಾಲ್ ತೆಗೆದುಕೊಂಡಾಗ. ಬಾಲ್ ಕಾಲಿಗೆ ತಾಗಿ ಒಂದು ಮಾರು ದೂರ ಚಿಮ್ಮಿದಾಗ. ಮತ್ತೆ, ಅವರ ಸೈಡ್ ಬ್ಯಾಕ್ ಅಂಚಿನ ಗೆರೆಗೆ ಅಂಟಿಕೊಂಡು ಪಾಸ್ ತೆಗೆದುಕೊಂಡಾಗ. ಅಲ್ಲಿ ಅವನಿಗೆ ಒಂದು ಕಡೆ ಗೆರೆ, ಇನ್ನೊಂದು ಕಡೆ ನೀವು. ಮಧ್ಯದ ದಾರಿ ಮುಚ್ಚಿ ಅಂಚಿನ ದಾರಿ ಬಿಟ್ಟುಕೊಡಿ ಅನ್ನುವುದು ಅದಕ್ಕೇ. ಕ್ರಾಸ್ ಬಂದರೆ ನಿಮ್ಮ ಎತ್ತರದ ಸ್ಟಾಪರ್‌ಗಳು ಇದ್ದಾರೆ.

ಮೂಡಿಗೆರೆ ಸ್ಟಾಪರ್ (ಬುಧವಾರ)

ಇವತ್ತು ಕಣದಲ್ಲಿ ಹಗ್ಗ ಕಟ್ಟಿಕೊಂಡು ಆಡಿದೆವು. ಮೊದಲ ಹತ್ತು ನಿಮಿಷದಲ್ಲೇ ರೈಟ್ ಬ್ಯಾಕ್ ನಮ್ಮ ಮೂವರನ್ನೂ ಎಳೆದು ಕೆಡವಿದ. ಕಣದ ಯಜಮಾನರು ಕುರ್ಚಿ ಹಾಕಿಕೊಂಡು ನೋಡಿ ನಕ್ಕರು. ಆದರೆ ಕೊನೆಕೊನೆಗೆ ಏನೋ ಆಯಿತು. ಬಾಲ್ ಎಲ್ಲಿದೆ ಅಂತ ನೋಡುವುದಕ್ಕೆ ಮುಂಚೆ ಸೊಂಟದ ಹಗ್ಗ ಹೇಳುತ್ತಿತ್ತು, ಎಡಕ್ಕೆ ಸರಿ ಅಂತ.

ಇನ್ನೊಂದು ಯೋಚನೆ. ನಮ್ಮ ಮ್ಯಾಚ್ ಮೈದಾನದಲ್ಲಿ ಟೀ ಅಂಗಡಿ ಕಡೆಯ ಮೂಲೆ ತಗ್ಗು. ಎರಡು ದಿನ ಮಳೆ ಬಂದರೆ ನೀರು ನಿಲ್ಲುತ್ತದೆ, ಬಾಲ್ ಉರುಳುವುದೇ ಇಲ್ಲ. ಅದು ನಮ್ಮ ರೈಟ್ ಬ್ಯಾಕ್ ಮೂಲೆ ಆದರೆ ಅವರನ್ನು ಅತ್ತ ಕಡೆಗೇ ತಳ್ಳೋಣ. ಪಾಸಿಂಗ್ ಎಲ್ಲ ನೀರಲ್ಲಿ ಹೋಗುತ್ತದೆ.

ಸೀಟಿ

ಪಂದ್ಯ ಊದುವವನಾಗಿ ಒಂದು ಎಚ್ಚರಿಕೆ. ಹಿಂದೆ ನಿಂತು ಆಡುವ ಟೀಮಿನ ಗೋಲಿಗಳಿಗೆ ಬಾಲ್ ಅಪ್ಪಿಕೊಂಡು ಮಲಗುವ ಚಟ ಇರುತ್ತದೆ. 2025ರಿಂದ ನಿಯಮ ಬದಲಾಗಿದೆ. ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಿನವರಿಗೆ ಕಾರ್ನರ್. ಕೊನೆಯ ಐದು ಸೆಕೆಂಡ್ ರೆಫರಿ ಕೈಯೆತ್ತಿ ಎಣಿಸುತ್ತಾರೆ. ನಮ್ಮ ಕಡೆ ಹುಡುಗರಿಗೆ ಇದು ಇನ್ನೂ ಗೊತ್ತಿಲ್ಲ, ಆಮೇಲೆ ನನ್ನ ಜೊತೆ ಜಗಳಕ್ಕೆ ಬರುತ್ತಾರೆ.

ಹಾಸನದ ಎಂಟು ನಂಬರ್

ಮೂರು ದಿನದಿಂದ ಓದುತ್ತಿದ್ದೇನೆ, ಇನ್ನು ತಡೆಯಲು ಆಗಲಿಲ್ಲ. ನಾನು ಆ ಹಾಸನದ ಟೀಮಿನವನೇ. ಗುರುಗಳೇ, ನಿಮ್ಮ ಪ್ಲಾನ್ ಪೂರ್ತಿ ಇಲ್ಲೇ ಬರೆದಿದ್ದೀರಲ್ಲ. ನಮ್ಮ ಕೋಚ್‌ಗೂ ಕಳಿಸಿದ್ದೇನೆ. ಹಗ್ಗದ ವಿಷಯ ಅವರಿಗೆ ತುಂಬಾ ಇಷ್ಟ ಆಯಿತು.

ಬಾಲ್ ಬಾಯ್

ಅಯ್ಯೋ 😂😂

ಮೂಡಿಗೆರೆ ಸ್ಟಾಪರ್

ಓದಿ. ಗೊತ್ತಿದ್ದೂ ತಡೆಯಲಾಗದೆ ಇದ್ದರೆ ಇನ್ನೂ ಚೆನ್ನ.

ಹಾಸನದ ಎಂಟು ನಂಬರ್

ಸರಿ, ನಾನೂ ನಮ್ಮ ಕಡೆಯದು ಹೇಳುತ್ತೇನೆ. ಲೆಕ್ಕ ಸಮ ಆಗಲಿ.

ನೀವು ಪಾಸಿಂಗ್ ಅಂದರೆ ಶೋಕಿ ಅಂದುಕೊಂಡಿದ್ದೀರಿ. ನಮಗೆ ಅದೇ ಡಿಫೆನ್ಸ್. ಬಾಲ್ ನಮ್ಮ ಹತ್ತಿರ ಇದ್ದರೆ ನೀವು ಗೋಲು ಹೊಡೆಯುವುದು ಎಲ್ಲಿಂದ? ನಮ್ಮ ಸ್ಟಾಪರ್‌ಗಳು ಎತ್ತರ ಇಲ್ಲ, ಜೋರು ಓಟವೂ ಇಲ್ಲ. ಹತ್ತಿರ ಹತ್ತಿರ ನಿಂತು ಪಾಸ್ ಆಡಿದರೆ, ಬಾಲ್ ಹೋದರೂ ಅದರ ಸುತ್ತ ನಮ್ಮವರೇ ನಾಲ್ಕು ಜನ ಇರುತ್ತಾರೆ. ಮೊದಲ ಐದು ಸೆಕೆಂಡ್ ಮುತ್ತಿಕೊಳ್ಳುತ್ತೇವೆ. ಗಾರ್ಡಿಯೊಲಾ ಅವರ ಬಾರ್ಸಿಲೋನಾ ಮಾಡುತ್ತಿದ್ದದ್ದೂ ಇದೇ. ಜನ ಟಿಕಿ ಟಾಕಾ ಅನ್ನುವ ಆ ಸಣ್ಣ ಸಣ್ಣ ಪಾಸಿನ ಆಟ ನೋಡಿದರು, ಆ ಐದು ಸೆಕೆಂಡ್ ನೋಡಲಿಲ್ಲ.

ನಮಗೆ ಭಯ ಯಾವಾಗ ಅಂದರೆ, ಎರಡೂ ಸೈಡ್ ಬ್ಯಾಕ್ ಮೇಲೆ ಹೋಗಿರುವಾಗ ಆ ಐದು ಸೆಕೆಂಡ್ ದಾಟಿ ಒಂದು ಒಳ್ಳೆಯ ಪಾಸ್ ಹೊರಗೆ ಬಂದರೆ. ಮುಂದೆ ಮೈದಾನ ಖಾಲಿ. ಹೋದ ವರ್ಷ ನೀವು ಅಂಥ ಪಾಸ್ ಒಂದೂ ಕೊಡಲಿಲ್ಲ. ಬರೀ ಆಕಾಶಕ್ಕೆ ಒದ್ದಿರಿ.

ಬೇಲೂರು ಮೇಷ್ಟ್ರು

ಎಂಟು ನಂಬರ್ ಹೇಳಿದ ಆ ಒಂದು ಪಾಸ್ ಅಂದರೆ ಏನು ಅಂತ ನೋಡಬೇಕಾದರೆ 2012ರ ಚೆಲ್ಸಿ ನೋಡಿ. ಮತ್ತೆ ಬಾರ್ಸಿಲೋನಾ, ಮತ್ತೆ ಸೆಮಿಫೈನಲ್. ಲಂಡನ್ನಿನ ಮೊದಲ ಪಂದ್ಯದಲ್ಲಿ ಲ್ಯಾಂಪಾರ್ಡ್ ಮೆಸ್ಸಿ ಕಾಲಿಂದ ಬಾಲ್ ಕಿತ್ತ, ತಲೆ ಎತ್ತಿ ಎಡಕ್ಕೆ ರಮೀರೆಸ್‌ಗೆ ಉದ್ದಕ್ಕೆ ಕೊಟ್ಟ. ರಮೀರೆಸ್ ಓಡಿ ಡ್ರೋಗ್ಬಾಗೆ ತಳ್ಳಿದ. ಗೋಲು. ಬಾರ್ಸಿಲೋನಾದಲ್ಲಿ ಎರಡನೇ ಪಂದ್ಯ, ಕ್ಯಾಪ್ಟನ್ ಟೆರ್ರಿಗೆ ಕೆಂಪು ಕಾರ್ಡ್, 2-0 ಹಿಂದೆ. ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ಮತ್ತೆ ಅದೇ ಲ್ಯಾಂಪಾರ್ಡ್, ಅದೇ ರಮೀರೆಸ್. ಈ ಸಲ ರಮೀರೆಸ್ ಗೋಲಿಯ ತಲೆ ಮೇಲಿಂದ ತಾನೇ ಎತ್ತಿ ಹಾಕಿದ. ಒಬ್ಬ ಕಿತ್ತು ಕೊಡುವವನು, ಒಬ್ಬ ಓಡುವವನು. ಎರಡು ಪಂದ್ಯ, ಅದೇ ಜೋಡಿ.

ಕೊಪ್ಪದ ಹತ್ತು ನಂಬರ್

ಮೆಸ್ಸಿ ಪೆನಾಲ್ಟಿ ಬಾರಿಗೆ ಬಡಿಯದೇ ಇದ್ದರೆ ಈ ಕಥೆ ಹೇಳುತ್ತಿದ್ದಿರಾ ಮೇಷ್ಟ್ರೇ? ಅದೃಷ್ಟವನ್ನು ತಂತ್ರ ಅಂತ ಕರೆಯಬೇಡಿ.

ಬೇಲೂರು ಮೇಷ್ಟ್ರು

ಅದೃಷ್ಟ ಇತ್ತು, ಒಪ್ಪಿದೆ. ಹಿಂದೆ ನಿಂತು ಆಡುವ ಟೀಮಿಗೆ ಅದು ಜಾಸ್ತಿಯೇ ಬೇಕಾಗುತ್ತದೆ. ಆದರೆ ಲ್ಯಾಂಪಾರ್ಡ್ ತಲೆ ಎತ್ತಿ ನೋಡಿದ್ದು ಅದೃಷ್ಟ ಅಲ್ಲ.

ನೀಲಿ ಚಿಕ್ಕಮಗಳೂರು

ಓಡುವವನು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2019ರ ಸೆಪ್ಟೆಂಬರ್ 10, ದೋಹಾ. ಆಗಷ್ಟೇ ಏಷ್ಯಾ ಕಪ್ ಗೆದ್ದಿದ್ದ ಕತಾರ್ ಎದುರು ಭಾರತ 0-0. ಛೆಟ್ರಿ ಹುಷಾರಿಲ್ಲದೆ ಆಡಲಿಲ್ಲ. ನಮ್ಮ ಗುರುಪ್ರೀತ್ ಒಂದರ ಮೇಲೊಂದು ಬಾಲ್ ತಡೆದ. ನನ್ನ ಪಾಲಿಗೆ ಅದು ಗೆಲುವೇ. ಆದರೆ ಲೀಗ್‌ನಲ್ಲಿ 0-0ಗೆ ಒಂದು ಪಾಯಿಂಟ್ ಸಿಗುತ್ತದೆ. ನಿಮ್ಮದು ನಾಕ್ ಔಟ್. 0-0 ಆದರೆ ಟೈಬ್ರೇಕರ್. ಪೆನಾಲ್ಟಿ ಪ್ರಾಕ್ಟೀಸ್ ಮಾಡಿದ್ದೀರಾ?

ಮೂಡಿಗೆರೆ ಸ್ಟಾಪರ್

ಅದಕ್ಕೆ ಟೈಮ್ ಆಗಿಲ್ಲ. ಕತ್ತಲಾಯಿತು.

ಮೂಡಿಗೆರೆ ಸ್ಟಾಪರ್ (ಭಾನುವಾರ, ರಾತ್ರಿ)

ಸೋತೆವು. 1-1, ಟೈಬ್ರೇಕರ್‌ನಲ್ಲಿ 4-3. ಜೀಪಿನಲ್ಲಿ ಬರುವಾಗ ಹೋದ ವರ್ಷದ ಹಾಗೆ ಯಾರೂ ಸುಮ್ನೆ ಕೂರಲಿಲ್ಲ, ದಾರಿ ಪೂರ್ತಿ ಜಗಳ.

ಫಸ್ಟ್ ಹಾಫ್ ನಾವು ಅಂದುಕೊಂಡ ಹಾಗೇ ಹೋಯಿತು. ನೀರು ನಿಂತ ಮೂಲೆ ನಮ್ಮ ರೈಟ್ ಬ್ಯಾಕ್ ಕಡೆ ಬಂತು. ಅವರ ಪಾಸ್ ಎರಡು ಮೂರು ಸಲ ಅಲ್ಲಿ ಸತ್ತುಬಿತ್ತು. ಹಗ್ಗ ಇಲ್ಲದಿದ್ದರೂ ನನ್ನ ಕೈ ಆಗಾಗ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿತ್ತು. ಅವರ ಒಂಬತ್ತು ನಂಬರ್ ಎರಡು ಸಲ ನನ್ನ ಹಿಂದಿನಿಂದ ಹೊರಟ, ಎರಡು ಸಲವೂ ನಮ್ಮ ಲೆಫ್ಟ್ ಬ್ಯಾಕ್ ಅಲ್ಲಿದ್ದ.

ಗೋಲು 22ನೇ ನಿಮಿಷಕ್ಕೆ. ಕ್ರಾಸ್ ಬಂತು, ಗೋಲಿ ಹಿಡಿದ. ಒದೆಯಲು ಕಾಲು ಎತ್ತಿದವನು ಮಾವನ ಮಾತು ನೆನಪಾಗಿ ನಿಲ್ಲಿಸಿ ಎಸೆದ. ಆರು ನಂಬರ್ ಬಾಲ್ ನಿಲ್ಲಿಸಲೂ ಇಲ್ಲ, ಮೈ ತಿರುಗಿಸಿ ಒಂದೇ ಏಟಿಗೆ ಎಡಕ್ಕೆ ಕಳಿಸಿದ. ಅವರ ರೈಟ್ ಬ್ಯಾಕ್ ನಮ್ಮ ಬಾಕ್ಸ್ ಹತ್ತಿರ ಇದ್ದ. ಹನ್ನೊಂದು ನಂಬರ್ ಓಡಿದ್ದು ನಾನು ಪೂರ್ತಿ ನೋಡಲಿಲ್ಲ, ಮಧ್ಯದಲ್ಲಿ ಕಣ್ಣು ಮುಚ್ಚಿಕೊಂಡೆ. ಗಲಾಟೆ ಕೇಳಿ ತೆರೆದೆ. ನಮ್ಮ ಆರು ನಂಬರ್ ಆಮೇಲೂ ಒಂದು ಮಾತಾಡಲಿಲ್ಲ.

ಸೆಕೆಂಡ್ ಹಾಫ್ ಶುರುವಾದಾಗ ನಮಗೆ ಹೊಳೆಯಿತು. ಹಾಫ್ ಟೈಮ್ ಆದರೆ ಕಡೆ ಬದಲಾಗುತ್ತದಲ್ಲ. ಅದೇ ನೀರಿನ ಮೂಲೆ ಈಗ ನಮ್ಮ ಹನ್ನೊಂದು ನಂಬರ್ ಓಡುವ ದಾರಿ. ಇಷ್ಟು ದೊಡ್ಡ ಪ್ಲಾನ್ ಮಾಡಿದ ಒಬ್ಬರಿಗೂ ಇದು ತಲೆಗೆ ಬಂದಿರಲಿಲ್ಲ. ಮತ್ತೆ ಅದೇ ರೀತಿ ಬಾಲ್ ಕಿತ್ತೆವು, ಅದೇ ಪಾಸ್. ಬಾಲ್ ನೀರಿನಲ್ಲಿ ನಿಂತುಬಿಟ್ಟಿತು, ಇವನು ಬಾಲ್ ದಾಟಿ ಹತ್ತು ಹೆಜ್ಜೆ ಮುಂದೆ ಓಡಿಹೋದ.

ತೋಟದ ಲೆಫ್ಟ್ ವಿಂಗ್

ಆರು ಹೆಜ್ಜೆ.

ಮೂಡಿಗೆರೆ ಸ್ಟಾಪರ್

ಸರಿ, ಆರು. ಕೊನೆಯ ಹತ್ತು ನಿಮಿಷ ನಾವು ಹೆದರಿದೆವು. ಪ್ರೇಕ್ಷಕರು ಹಿಂದೆ ಬಾ ಹಿಂದೆ ಬಾ ಅಂತ ಕೂಗಿದರು, ಇವನೂ ನಮ್ಮ ಬಾಕ್ಸ್‌ಗೆ ಬಂದುಬಿಟ್ಟ. ನಾನೂ ಕರೆದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮುಂದೆ ಯಾರೂ ಇಲ್ಲ. ನಾನು ಒದ್ದೆ, ವಾಪಸ್ ಬಂತು. ಇನ್ನೊಬ್ಬ ಒದ್ದ, ವಾಪಸ್ ಬಂತು. ಮೂರನೆಯದು ಬಾಕ್ಸ್ ಹೊರಗೆ ಈ ಎಂಟು ನಂಬರ್ ಕಾಲಿಗೆ ಬಿತ್ತು. ಆಟ ಮುಗಿಯಲು ನಾಲ್ಕು ನಿಮಿಷ ಇತ್ತು.

ಟೈಬ್ರೇಕರ್‌ನಲ್ಲಿ ಕೊನೆಯ ಪೆನಾಲ್ಟಿ ನನ್ನದು. ಬಾರ್ ಮೇಲಿಂದ ಹೋಗಿ ಟೀ ಅಂಗಡಿಯ ತಗಡಿಗೆ ಬಡಿಯಿತು. ಅಂಗಡಿಯವರು ಟೀ ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ.

ಗೋಲಿ ಮಾವ (ಸಕಲೇಶಪುರ)

ಬೈಸಿಕೋ ಅಂದಿದ್ದೆ.

ತೋಟದ ಲೆಫ್ಟ್ ವಿಂಗ್

ತಪ್ಪಾಯಿತು ಮಾವ.

ಹಾಸನದ ಎಂಟು ನಂಬರ್

ಮೊದಲು ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಆ ಮೂಲೆಯ ವಿಷಯ ಇಲ್ಲಿ ಓದಿದ ದಿನವೇ ನಾನು ಕಾಗದದ ಮೇಲೆ ಮೈದಾನ ಬರೆದು ನೋಡಿದ್ದೆ. ಟಾಸ್ ಗೆದ್ದಾಗ ಕಿಕ್ ಆಫ್ ಬೇಡ ಅಂದೆ, ಕಡೆ ಆರಿಸಿಕೊಂಡೆ. ಫಸ್ಟ್ ಹಾಫ್ ನಾವು ನೀರು ಕುಡಿಯೋಣ, ಸೆಕೆಂಡ್ ಹಾಫ್ ಆ ನೀರೇ ನಮ್ಮ ರೈಟ್ ಬ್ಯಾಕ್ ಅಂತ ಹುಡುಗರಿಗೆ ಹೇಳಿದ್ದೆ.

ಆದರೂ ನಮಗೆ ಇಷ್ಟು ಕಷ್ಟ ಈ ಸೀಸನ್‌ನಲ್ಲಿ ಯಾರೂ ಕೊಟ್ಟಿಲ್ಲ. ಆ 22ನೇ ನಿಮಿಷದ ಪಾಸ್ ಇದೆಯಲ್ಲ, ನಾನು ಅದರಿಂದ ಎರಡು ಅಡಿ ದೂರದಲ್ಲಿದ್ದೆ. ಅವರು ನೋಡಲೇ ಇಲ್ಲ, ಹಾಗೇ ಕೊಟ್ಟರು. ಆ ಆರು ನಂಬರ್ ಯಾರು?

ಮೂಡಿಗೆರೆ ಸ್ಟಾಪರ್

ನಮ್ಮೂರ ಮಿಲ್ಲಿನಲ್ಲಿ ಕೆಲಸ ಮಾಡುತ್ತಾನೆ. ಮೊಬೈಲ್ ಇಟ್ಟುಕೊಂಡಿಲ್ಲ, ಇದನ್ನೆಲ್ಲ ಓದಿಯೂ ಇಲ್ಲ. ಕಣದಲ್ಲಿ ಮಾವನ ಮಾತನ್ನು ನಾನು ಒಂದೇ ಸಲ ಹೇಳಿದ್ದು.

ಹಾಸನದ ಎಂಟು ನಂಬರ್

ಮುಂದಿನ ತಿಂಗಳು ಅರಕಲಗೂಡು ಕಡೆ ಒಂದು ಟೂರ್ನಿ ಇದೆ. ಅವರನ್ನೂ ನಿಮ್ಮ ಹನ್ನೊಂದು ನಂಬರನ್ನೂ ನಮ್ಮ ಟೀಮಿಗೆ ಕಳಿಸುತ್ತೀರಾ? ಊಟ, ಬಸ್ ಚಾರ್ಜ್ ನಮ್ಮದು.

ತೋಟದ ಲೆಫ್ಟ್ ವಿಂಗ್

ಮಳೆ ಬಿಟ್ಟರೆ ತೋಟಕ್ಕೆ ಬೋರ್ಡೋ ಮದ್ದು ಹೊಡೆಯುವುದಿದೆ. ಅದು ಮುಗಿದರೆ ಬರುತ್ತೇನೆ. ಮೈದಾನದಲ್ಲಿ ತಗ್ಗು ಮೂಲೆ ಇದೆಯಾ?

ಕೊಪ್ಪದ ಹತ್ತು ನಂಬರ್

ನಾನೂ ಇವತ್ತು ನೋಡಲು ಬಂದಿದ್ದೆ, ಕೊಡೆ ಹಿಡಿದುಕೊಂಡೇ. ಮಧ್ಯದಲ್ಲಿ ಎದ್ದು ಹೋಗಲಿಲ್ಲ. ಇದಕ್ಕಿಂತ ಜಾಸ್ತಿ ನನ್ನ ಬಾಯಿಂದ ಹೊರಡಿಸಬೇಡಿ.

ಮೂಡಿಗೆರೆ ಸ್ಟಾಪರ್

ನಮ್ಮ ಟೀಮಿನವರಿಗೆ: ಆ ಹಗ್ಗ ಯಾರ ಹತ್ತಿರ ಇದೆ? ಕಣದ ಯಜಮಾನರು ಎರಡು ಸಲ ಫೋನ್ ಮಾಡಿದರು, ದನ ಕಟ್ಟುವ ಹಗ್ಗವಂತೆ.

ತೋಟದ ಲೆಫ್ಟ್ ವಿಂಗ್

ರೈಟ್ ಬ್ಯಾಕ್ ಮನೆಯಲ್ಲಿ ಇದೆ ಅಣ್ಣ. ಒದ್ದೆಯಾಗಿದೆ ಅಂತ ಒಲೆ ಮೇಲೆ ಕಟ್ಟಿದ್ದಾನೆ. ಒಣಗಿದ ಮೇಲೆ ಕೊಡುತ್ತಾನಂತೆ.